ಓದಬಹುದು, ಮಾತಾಡಬಾರದು ಅಂದ್ರೆ ಹೇಗೆ?

ಪತ್ರ: ಸಂಪಾದಕರೇ, ನಾವು ಎಂಟು-ಹತ್ತು ಜನ ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಒಂದು ಪ್ರೇಮ ಕಾದಂಬರಿ. ಕಥೆ, ಅತ್ತೆಯ ಪಾತ್ರ, ಊರಿನ ವರ್ಣನೆ ಎಲ್ಲ ಚೆನ್ನಾಗಿ ಚರ್ಚೆಯಾಯಿತು. ನಾಯಕ-ನಾಯಕಿ ಮೊದಲ ಸಲ ಕೂಡುವ ಅಧ್ಯಾಯದ ಬಗ್ಗೆ ನಾನು ಬಾಯಿ ತೆಗೆದ ಕೂಡಲೇ ಆ ಮನೆಯವರು ‘ಕಾಫಿ ತರ್ತೀನಿ’ ಅಂತ ಎದ್ದುಬಿಟ್ಟರು. ಉಳಿದವರು ಮುಸಿಮುಸಿ ನಕ್ಕರು. ‘ಅದೆಲ್ಲ ಓದ್ಕೊಳ್ಳೋಕೆ ಕಣ್ರೀ, ಮಾತಾಡೋಕಲ್ಲ’ ಅಂದರು ಒಬ್ಬರು. ನಾಚಿಕೆಯಿಂದ ಸತ್ತೇಹೋದೆ. ಇಂಥ ದೃಶ್ಯಗಳು ಕಾದಂಬರಿಗೆ ಬೇಕಾ? ನಿಮ್ಮ ಪತ್ರಿಕೆಯ ಧಾರಾವಾಹಿಗಳಿಗಾದರೂ ಕತ್ತರಿ ಹಾಕಬಾರದಾ?
– ಓದುಗರೊಬ್ಬರು, ಹಾಸನ (ಹೆಸರು ಹಾಕಬೇಡಿ)

ಉತ್ತರ: ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಆದರೆ ಒಂದು ತಕರಾರು ಇದೆ. ಪತ್ರದ ಮೊದಲ ಭಾಗ ಬರೆದವರು ಗಟ್ಟಿಗಿತ್ತಿ. ಕೊನೆಯ ಎರಡು ಸಾಲು ಬರೆದವರು ಮಾತ್ರ ಕಾಫಿ ತರೋಕೆ ಎದ್ದವರ ಜೊತೆ ಅಡುಗೆಮನೆಗೆ ಹೋಗಿಬಿಟ್ಟಿದ್ದಾರೆ. ಮಾತಾಡೋಕೆ ಮುಜುಗರ ಆಯ್ತು ಅಂತ ಬರೆದದ್ದನ್ನೇ ಕತ್ತರಿಸಿ ಅಂದ್ರೆ ಹೇಗೆ?

ನಿಮ್ಮ ಗೆಳತಿಯರ ಕಡೆಗೂ ನ್ಯಾಯ ಇದೆ, ಒಪ್ಪುತ್ತೇನೆ. ಇಂಥ ವಿಷಯದಲ್ಲಿ ಬಾಯಿ ಬಿಡಲೇಬೇಕು ಅಂತ ಯಾರನ್ನೂ ಬಲವಂತ ಮಾಡಬಾರದು. ಯಾರ ಮನಸ್ಸಿನಲ್ಲಿ ಎಂಥ ನೋವಿದೆಯೋ ಯಾರಿಗೆ ಗೊತ್ತು. ಸುಮ್ನೆ ಕೂತಿರುವುದಕ್ಕೂ ಎಲ್ಲರಿಗೂ ಹಕ್ಕಿದೆ. ಆ ಪಕ್ಷದ ಪರವಾಗಿ ನನ್ನ ವಾದ ಇಷ್ಟೇ.

ಈಗ ನನ್ನ ಹಳೇ ಹಟಕ್ಕೆ ಬರುತ್ತೇನೆ. ಕನ್ನಡದ ಪ್ರೇಮ ಕಾದಂಬರಿಗಳಲ್ಲಿ ಈ ದೃಶ್ಯಗಳು ಇರುವುದು ತೊಂದರೆಯಲ್ಲ. ಕೆಟ್ಟದಾಗಿರುವುದು ತೊಂದರೆ. ಅವು ಕೆಟ್ಟದಾಗಿರುವುದಕ್ಕೆ ಕಾರಣ, ಅವುಗಳ ಬಗ್ಗೆ ಯಾರೂ ಬಾಯಿ ಬಿಡದಿರುವುದು. ಅಡುಗೆಯ ವರ್ಣನೆ ತಪ್ಪಿದರೆ ನಮಗೆ ಮರುದಿನವೇ ಪತ್ರ ಬರುತ್ತದೆ: ‘ಹುಳಿಗೆ ಯಾರಾದರೂ ಸೋಂಪು ಹಾಕ್ತಾರೇನ್ರೀ?’ ಮಲಗುವ ಕೋಣೆಯ ವರ್ಣನೆ ಹಾಳಾಗಿದ್ದರೆ ಒಂದು ಕಾರ್ಡೂ ಇಲ್ಲ. ಬರೆದವರಿಗೆ ಗೊತ್ತಾಗುವುದಾದರೂ ಹೇಗೆ?

ನನ್ನ ಮೇಜಿಗೆ ಬರುವ ಹಸ್ತಪ್ರತಿಗಳನ್ನು ನೀವು ನೋಡಬೇಕು. ಒಬ್ಬರು ಮೂಡಿಗೆರೆ ಕಡೆಯ ತೋಟದ ಮನೆಯನ್ನು ಎಷ್ಟು ಚೆನ್ನಾಗಿ ಕಟ್ಟಿರುತ್ತಾರೆ ಅಂದರೆ ಕಣದಲ್ಲಿ ಒಣಗುವ ಕಾಫಿಯ ವಾಸನೆ ಮೂಗಿಗೆ ಬಡಿಯುತ್ತದೆ. ನಾಯಕಿ ಮಾತಾಡಿದರೆ ಪಕ್ಕದ ಮನೆ ಹುಡುಗಿ ಮಾತಾಡಿದ ಹಾಗೆ. ಆಮೇಲೆ ರಾತ್ರಿಯಾಗುತ್ತದೆ, ಬಾಗಿಲು ಹಾಕುತ್ತಾರೆ. ಅಲ್ಲಿಂದ ಮುಂದೆ ಮಿಂಚು, ಬಿರುಗಾಳಿ, ಅಪ್ಪಳಿಸುವ ಅಲೆಗಳು! ಘಟ್ಟದ ಮೇಲಿನ ಕೋಣೆಗೆ ಸಮುದ್ರ ಎಲ್ಲಿಂದ ಬಂತು ಸ್ವಾಮಿ? ಆ ಹುಡುಗಿ ಏನಾದಳು? ಅವಳ ನಗು, ಅವಳ ಅಂಜಿಕೆ, ಅವಳ ಅಧಿಕಪ್ರಸಂಗ ಎಲ್ಲ ಒಂದೇ ಪ್ಯಾರಾದಲ್ಲಿ ಮಾಯ.

ಇದಕ್ಕೆ ತದ್ವಿರುದ್ಧವಾದ ಒಂದು ಕಥೆಯೂ ಬಂದಿತ್ತು. ಹೊಸದಾಗಿ ಮದುವೆಯಾದವರು. ಚಿಕ್ಕ ಮನೆ, ಗೋಡೆಯ ಆಚೆ ಅತ್ತೆ ಮಲಗಿದ್ದಾರೆ. ಹುಡುಗಿಯ ಕೈ ತುಂಬಾ ಗಾಜಿನ ಬಳೆ. ಅವಳು ಒಂದೊಂದಾಗಿ ತೆಗೆದು ಗಂಡನ ಕರ್ಚೀಫಿನಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುತ್ತಾಳೆ. ಎರಡು ಬಳೆ ಬಿಗಿ, ಏನು ಮಾಡಿದರೂ ಬರಲ್ಲ. ಅವನು ಆ ಎರಡರ ಮೇಲೆ ಕೈ ಮುಚ್ಚಿ ಹಿಡಿದುಕೊಳ್ಳುತ್ತಾನೆ, ಸದ್ದಾಗದ ಹಾಗೆ. ಇಬ್ಬರಿಗೂ ನಗು ತಡೆಯೋಕಾಗಲ್ಲ. ಅಷ್ಟೇ. ಮುಂದಿನದನ್ನು ಕಥೆ ಬರೆದಾಕೆ ಮರೆಮಾಚಿಯೂ ಇಲ್ಲ, ಎಳೆದಾಡಿಯೂ ಇಲ್ಲ. ಓದಿದ ಮೇಲೆ ಆ ಗಂಡ ಹೆಂಡತಿ ಮುಂದೆ ಹೇಗೆ ಬಾಳುತ್ತಾರೆ ಅಂತ ನನಗೆ ಗೊತ್ತಾಗಿತ್ತು. ಅತ್ತೆಯ ಜೊತೆ ಜಗಳ ಆದಾಗ ಅವನು ಯಾವ ಕಡೆ ನಿಲ್ಲುತ್ತಾನೆ ಅನ್ನುವುದೂ ಗೊತ್ತಾಗಿತ್ತು. ಹೇಳಿ, ಇದು ಮಾತಾಡಬಾರದ ವಿಷಯವಾ?

ನಿಮ್ಮ ಗೆಳತಿಯರು ಹೆದರಿದ್ದು, ಮಾತು ಶುರುವಾದರೆ ತಮ್ಮ ಮನೆಯ ವಿಷಯ ಹೇಳಬೇಕಾಗುತ್ತದೆ ಅಂತ. ಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳೇ ಬೇರೆ. ಹಿಂದಿನ ಅಧ್ಯಾಯದ ಹುಡುಗಿಯೇ ಈ ಅಧ್ಯಾಯದಲ್ಲೂ ಇದ್ದಾಳಾ? ಅವಳಿಗೆ ಬೇಕಿತ್ತಾ, ಅವನು ಕೇಳಿದನಾ? ಅವಳು ಬೇಡ ಅಂದಾಗ ಕಾದಂಬರಿ ಅದನ್ನು ಬೇಡ ಅಂತಲೇ ತಗೊಂಡಿತಾ, ಇಲ್ಲ ‘ನಾಚಿಕೆ’ ಅಂತ ಬಗೆದು ಮುಂದೆ ಹೋಯಿತಾ? ಕೈ ಹಿಡಿದು ಎಳೆಯುವವನನ್ನು, ಕೆನ್ನೆಗೆ ಹೊಡೆದು ಆಮೇಲೆ ಅಪ್ಪಿಕೊಳ್ಳುವವನನ್ನು ನಾಯಕ ಅಂತ ಎಷ್ಟೋ ಕಾದಂಬರಿಗಳು ನಮಗೆ ಮಾರಿವೆ. ನಾವು ಆ ಪುಟ ಬಂದಾಗೆಲ್ಲ ಕಾಫಿ ತರೋಕೆ ಹೋಗಿದ್ದರಿಂದ ಅದು ಹಾಗೇ ಸಾಗಿ ಬಂದಿದೆ.

ನಮ್ಮ ಹಿರಿಯರು ಹೀಗೆ ಎದ್ದು ಹೋದವರಲ್ಲ. ಕಾಳಿದಾಸ ‘ಕುಮಾರಸಂಭವ’ದ ಎಂಟನೇ ಸರ್ಗದಲ್ಲಿ ಶಿವ ಪಾರ್ವತಿಯರ ದಾಂಪತ್ಯ ಸುಖವನ್ನು ವರ್ಣಿಸಿದ. 9ನೇ ಶತಮಾನದ ಕಾಶ್ಮೀರದಲ್ಲಿ ಕಾವ್ಯಮೀಮಾಂಸಕ ಆನಂದವರ್ಧನ ಇದರ ಬಗ್ಗೆ ತಲೆ ಕೆಡಿಸಿಕೊಂಡ. ದೇವತೆಗಳ ಸಂಭೋಗ ವರ್ಣಿಸುವುದು ತಂದೆ ತಾಯಿಯದನ್ನು ವರ್ಣಿಸಿದ ಹಾಗೆ, ಅಸಭ್ಯ ಅಂದ. ಹಾಗಾದರೆ ಕಾಳಿದಾಸನದು ಯಾಕೆ ಅಸಭ್ಯ ಅನ್ನಿಸುವುದಿಲ್ಲ ಅಂತ ತಾನೇ ಕೇಳಿಕೊಂಡು, ಅವನ ಪ್ರತಿಭೆಯ ಶಕ್ತಿ ಆ ದೋಷವನ್ನು ಮುಚ್ಚಿಹಾಕುತ್ತದೆ ಅಂತ ಉತ್ತರವನ್ನೂ ಕೊಟ್ಟ. ಮುಜುಗರ ಅವನಿಗೂ ಆಯಿತು ನೋಡಿ. ಆದರೂ ಮಾತಾಡಿದ, ಬರೆದಿಟ್ಟ. ಇದನ್ನೇ ಅಲ್ವಾ ವಿಮರ್ಶೆ ಅನ್ನುವುದು?

ಇನ್ನೂ ಹತ್ತಿರದ ಉದಾಹರಣೆ ನಂಜನಗೂಡಿನದು. ಗಾಯಕಿ ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು ಅಲ್ಲಿ, 1878ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅಂತ ಸಂಗೀತದವರಿಗೆಲ್ಲ ಗೊತ್ತು. ಅವರು ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಗೊತ್ತಿಲ್ಲ. 18ನೇ ಶತಮಾನದ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬಾಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದಿದ್ದಳು. ಅದರಲ್ಲಿ ರಾಧೆ, ಇಳಾ ಎಂಬ ಮದುಮಗಳಿಗೆ ಕೃಷ್ಣನ ಜೊತೆ ಹೇಗಿರಬೇಕು ಅಂತ ಬುದ್ಧಿ ಹೇಳುತ್ತಾಳೆ. ಕೃಷ್ಣನಿಗೂ ‘ಎಳೆಯ ಹುಡುಗಿ, ಮೆಲ್ಲಗೆ’ ಅನ್ನುತ್ತಾಳೆ. ಆಮೇಲೆ ತಾನೇ ಹೊಟ್ಟೆಕಿಚ್ಚಿನಿಂದ ಬೇಯುತ್ತಾಳೆ! ಆಗ ಸಿಗುತ್ತಿದ್ದ ಅಚ್ಚಿನ ಪ್ರತಿಯಲ್ಲಿ ಕೆಲವು ಪದ್ಯಗಳನ್ನು ಬಿಟ್ಟಿದ್ದರು. ನಾಗರತ್ನಮ್ಮ ಹಳೆಯ ಪ್ರತಿ ಹುಡುಕಿಸಿ 1910ರಲ್ಲಿ ಪೂರ್ತಿಯಾಗಿ ಅಚ್ಚು ಮಾಡಿಸಿದರು. ಹೆಂಗಸಿನ ಬಾಯಲ್ಲಿ ಇಂಥ ಮಾತಾ ಅಂತ ಕಂದುಕೂರಿ ವೀರೇಶಲಿಂಗಂ ಅವರಂಥ ಸಮಾಜ ಸುಧಾರಕರೇ ಗದ್ದಲ ಎಬ್ಬಿಸಿದ್ದರು. ನಾಚಿಕೆ ಹೆಂಗಸರಿಗೆ ಮಾತ್ರವೋ, ಗಂಡಸರಿಗಿಲ್ಲವೋ ಅಂತ ನಾಗರತ್ನಮ್ಮ ತಿರುಗಿ ಕೇಳಿದರು. ಉತ್ತರ ಕೊಟ್ಟದ್ದು ಪೊಲೀಸರು. 1911ರಲ್ಲಿ ಪ್ರತಿಗಳನ್ನು ಎತ್ತಿಕೊಂಡು ಹೋದರು. ನಿಷೇಧ ತೆಗೆದದ್ದು 1947ರಲ್ಲಿ.

ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯ ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡುತ್ತಾನೆ. ಆ ಭಾಗದ ಮೇಲೆ ಆದಷ್ಟು ವಿಚಾರ ಸಂಕಿರಣ ಇನ್ಯಾವುದರ ಮೇಲೂ ಆಗಿಲ್ಲವೇನೋ. ಆಗಬೇಕಾದ್ದೇ, ದೊಡ್ಡ ಕೃತಿ. ಗಂಡಸರು ಬರೆದರೆ ಅದು ಅಸ್ತಿತ್ವದ ಪ್ರಶ್ನೆ. ಹೆಂಗಸರು ಬರೆದು ಹೆಂಗಸರೇ ಓದಿದರೆ ಮುಸಿಮುಸಿ ನಗು. ಮಹಿಳೆಯರ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಅಂತ ಹೆಸರಿಟ್ಟವರು ಹೀಗೆ ನಗುವವರೇ. ಅಡುಗೆಮನೆಯಿಂದ ಪಕ್ಕದ ಕೋಣೆಗೆ ಕಾಲಿಟ್ಟರೆ ಅದಕ್ಕೂ ಆಕ್ಷೇಪ!

ನಮ್ಮ ಕಾಲೇಜಿನಲ್ಲಿ ಪಂಪಭಾರತ ಪಾಠ ಮಾಡುತ್ತಿದ್ದ ಮೇಷ್ಟರು ನಾಲ್ಕನೇ ಆಶ್ವಾಸದಲ್ಲಿ ಅರ್ಜುನ ಬೆಳದಿಂಗಳಲ್ಲಿ ಸೂಳೆಗೇರಿ ಸುತ್ತುವ ಭಾಗ ಬಂದಾಗ ಕನ್ನಡಕ ಒರೆಸಿಕೊಂಡು, ‘ಇದು ಪರೀಕ್ಷೆಗೆ ಬರಲ್ಲ’ ಅಂದು ಪುಟ ತಿರುವಿದರು. ಇಡೀ ತರಗತಿ ಅವತ್ತು ಸಂಜೆ ಲೈಬ್ರರಿಗೆ ನುಗ್ಗಿತು. ಹಳಗನ್ನಡವನ್ನು ಅಷ್ಟು ಶ್ರದ್ಧೆಯಿಂದ ನಾವು ಮತ್ತೆಂದೂ ಬಿಡಿಸಿ ಓದಿಲ್ಲ.

ಮನೆಗಳ ವಿಷಯ ಇನ್ನೂ ಸ್ವಾರಸ್ಯ. ಪ್ರಸ್ತಕ್ಕೆ ಪುರೋಹಿತರಿಂದ ಮುಹೂರ್ತ ಇಡಿಸುತ್ತಾರೆ. ಚಿಕ್ಕಮ್ಮ, ಸೋದರತ್ತೆ ಎಲ್ಲ ಸೇರಿ ಮಂಚಕ್ಕೆ ಹೂವು ಕಟ್ಟುತ್ತಾರೆ, ಹಾಲು, ಹಣ್ಣು ಜೋಡಿಸುತ್ತಾರೆ. ಬಾಗಿಲ ತನಕ ಬಂದು ಕೀಟಲೆ ಮಾಡುತ್ತಾರೆ. ಇಷ್ಟು ಜನ ಇಷ್ಟು ಬಹಿರಂಗವಾಗಿ ಏರ್ಪಾಡು ಮಾಡಿದ್ದನ್ನು ಪುಸ್ತಕದಲ್ಲಿ ಕಂಡರೆ ‘ಛೀ’! ಡಾ. ಅನುಪಮಾ ನಿರಂಜನ ವೈದ್ಯೆಯಾಗಿ ‘ದಾಂಪತ್ಯ ದೀಪಿಕೆ’ ಬರೆದರು. ಅದನ್ನು ಮದುವೆಗೆ ಉಡುಗೊರೆ ಕೊಟ್ಟವರನ್ನು ನಾನೇ ಬಲ್ಲೆ, ಬೀರುವಿನಲ್ಲಿ ಸೀರೆಗಳ ಅಡಿಗೆ ಬಚ್ಚಿಟ್ಟವರನ್ನೂ ಬಲ್ಲೆ.

ಹಾಗಂತ ನಮಗೆ ಎಲ್ಲದಕ್ಕೂ ಮುಜುಗರವಾ? ಇಲ್ಲಪ್ಪ. ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಸೊಸೆಯ ಪಾಯಸಕ್ಕೆ ವಿಷ ಬೆರೆಸುವುದನ್ನು ಅಜ್ಜಿ, ಮೊಮ್ಮಗ ಒಟ್ಟಿಗೆ ನೋಡುತ್ತಾರೆ. ಕೊಲೆ ಸುದ್ದಿಯನ್ನು ಚಾಕು ಎಷ್ಟು ಉದ್ದ ಅನ್ನುವ ತನಕ ಇಡ್ಲಿ ತಿನ್ನುತ್ತಾ ಚರ್ಚೆ ಮಾಡುತ್ತೇವೆ. ಇಬ್ಬರು ಪ್ರೀತಿಯಿಂದ ಒಬ್ಬರನ್ನೊಬ್ಬರು ಮುಟ್ಟಿದರೆ ಮಾತ್ರ ರಿಮೋಟ್ ಹುಡುಕುತ್ತೇವೆ. ಇನ್ನು ನಮ್ಮ ವಿಮರ್ಶಕರು. ಪ್ರೇಮ ಕಾದಂಬರಿ ಕೈಗೆ ಕೊಟ್ಟರೆ ‘ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ, ಕುಟುಂಬ ಸಮೇತ ಓದಬಹುದು’ ಅಂತ ಎರಡು ಸಾಲು ಗೀಚಿ ಕಳಿಸುತ್ತಾರೆ. ಕುಟುಂಬ ಸಮೇತ ಯಾರು ಕಾದಂಬರಿ ಓದುತ್ತಾರೆ ಸ್ವಾಮಿ?

ಕತ್ತರಿಯ ವಿಷಯ ಕೇಳಿದ್ದೀರಿ. ಹಾಕುತ್ತೇನೆ, ದಿನಾ ಹಾಕುತ್ತೇನೆ. ಆ ಬಿರುಗಾಳಿ, ಆ ಸಮುದ್ರ ಎಲ್ಲ ನನ್ನ ಕೈಯಲ್ಲೇ ಹೋಗುವುದು. ಬಳೆಯ ಕಥೆಯಲ್ಲಿ ಒಂದಕ್ಷರ ಮುಟ್ಟಿರಲಿಲ್ಲ. ಅಚ್ಚಾದ ವಾರ ‘ಪತ್ರಿಕೆ ಕೆಟ್ಟುಹೋಯಿತು’ ಅಂತ ನಾಲ್ಕಾರು ಕಾರ್ಡು ಬಂದವು. ಯಾವ ಸಾಲು ಕೆಟ್ಟದಾಗಿದೆ, ಯಾಕೆ ಅಂತ ಒಬ್ಬರೂ ಬರೆದಿರಲಿಲ್ಲ. ನೀವು ಓದಿದ ಆ ಅಧ್ಯಾಯ ನಿಮಗೆ ಇಷ್ಟ ಆಯಿತೋ ಇಲ್ಲವೋ ಅಂತ ನಿಮ್ಮ ಪತ್ರದಲ್ಲೂ ಇಲ್ಲ. ಒಂದು ಪುಟ ಬರೆದು ಕಳಿಸಿ, ಹೆಸರಿಲ್ಲದೆಯೇ ಅಚ್ಚು ಹಾಕುತ್ತೇನೆ.

– ಸಂ.