ಜಾಮೀನಿನ ಸಹಿ ಮತ್ತು ಅಳಿಸಿಹಾಕಿದ ಲೆಕ್ಕ

ಪ್ರೀತಿಸಿದವರ ಸಾಲಕ್ಕೆ ಜಾಮೀನು ನಿಲ್ಲುವುದು, ಅವರಿಗಾಗಿ ಇರುವ ಕೆಲಸವನ್ನು ಬಿಡುವುದು, ಒಮ್ಮೆಯೂ ಎದುರಾಎದುರು ಕಾಣದವರ ಖಾತೆಗೆ ಉಳಿತಾಯವನ್ನೆಲ್ಲ ಕಳುಹಿಸುವುದು: ಇಂತಹ ಪ್ರಕರಣಗಳು ಆಪ್ತಸಲಹೆಗಾಗಿ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಒಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆಕೆಗೆ ಮೂವತ್ತು ದಾಟಿತ್ತು. ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗ. ಪರಿಚಯವಾಗಿ ಕೆಲವೇ ತಿಂಗಳಾಗಿದ್ದ ಪ್ರಿಯಕರನ ವ್ಯಾಪಾರದ ಸಾಲಕ್ಕೆ ಜಾಮೀನು ಹಾಕಲು ಒಪ್ಪಿದ್ದರು. ನನ್ನಲ್ಲಿಗೆ ಬಂದದ್ದು ಮಾತ್ರ ನಿದ್ರೆ ಬರುತ್ತಿಲ್ಲ ಎಂಬ ಕಾರಣಕ್ಕೆ.

ಎರಡನೆಯ ಭೇಟಿಗೆ ಸಾಲದ ಕಾಗದಗಳನ್ನು ತಂದಿದ್ದರು. ಪ್ರತಿ ಷರತ್ತಿನ ಪಕ್ಕದಲ್ಲೂ ಪೆನ್ಸಿಲ್ಲಿನ ಸಣ್ಣ ಗುರುತು, ಬಡ್ಡಿ ದರದ ಕೆಳಗೆ ಒಂದು ಗೆರೆ. ಜಾಮೀನುದಾರರ ಹೊಣೆಯನ್ನು ವಿವರಿಸುವ ಪುಟದಲ್ಲಿ ಮಾತ್ರ ಯಾವ ಗುರುತೂ ಇರಲಿಲ್ಲ. ಅಂಚಿನಲ್ಲಿ ರಬ್ಬರು ಉಜ್ಜಿದ ಕಲೆಯಿತ್ತು. "ಈ ಪುಟವನ್ನು ಓದಿದಿರಾ?" ಎಂದು ಕೇಳಿದೆ.

"ಓದಿದೆ ಮೇಡಂ. ಅವರು ಕಟ್ಟದಿದ್ದರೆ ನನ್ನ ಸಂಬಳದಿಂದ ಎಷ್ಟು ವರ್ಷ ಕಟ್ಟಬೇಕಾಗುತ್ತದೆ ಅಂತ ಲೆಕ್ಕವನ್ನೂ ಹಾಕಿದೆ. ಆಮೇಲೆ ಅಳಿಸಿಬಿಟ್ಟೆ."

"ಯಾಕೆ?"

ಬಹಳ ಹೊತ್ತಿನ ಮೇಲೆ ಹೇಳಿದರು: "ಪ್ರೀತಿಸುವವರ ವಿಷಯದಲ್ಲಿ ಹೀಗೆ ಲೆಕ್ಕ ಹಾಕಿದೆನಲ್ಲ ಅಂತ ನಾಚಿಕೆಯಾಯಿತು."

ಈ ಒಂದು ಮಾತು ನನ್ನ ಸಲಹೆಯ ದಿಕ್ಕನ್ನು ನಿರ್ಧರಿಸಿತು. ಪ್ರೀತಿ ಕುರುಡು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹೊಸ ಪ್ರೇಮದ ತೀವ್ರತೆಯಲ್ಲಿದ್ದ 17 ಮಂದಿಯ ಮೆದುಳನ್ನು ಆರ್ಥರ್ ಏರನ್, ಹೆಲೆನ್ ಫಿಶರ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಿಯರ ಚಿತ್ರ ಕಂಡಾಗ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ ಹೇರಳವಾಗಿರುವ, ಏನನ್ನಾದರೂ ಪಡೆಯಲೇಬೇಕೆಂಬ ಹಂಬಲಕ್ಕೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದವು. ಆ ಹಂಬಲ ನಿಜ, ಅದರ ಬಲವೂ ದೊಡ್ಡದು. ಆದರೂ ಆಕೆಗೆ ಅಪಾಯ ಕಾಣದೆ ಇರಲಿಲ್ಲ. ಕಂಡದ್ದನ್ನು ಒಪ್ಪಿಕೊಂಡರೆ ಪ್ರೀತಿಗೆ ದ್ರೋಹ ಬಗೆದಂತೆ ಎಂದು ಅನ್ನಿಸಿತ್ತು, ಅಷ್ಟೇ. ಎಚ್ಚರಿಕೆಯೇ ತಪ್ಪು ಎನಿಸಿದ ಮನಸ್ಸಿಗೆ ಅಪಾಯಗಳ ಪಟ್ಟಿ ಕೊಟ್ಟರೆ, ಆ ಪಟ್ಟಿ ಉದ್ದವಾದಷ್ಟೂ ಅದರ ಕಣ್ಣಿಗೆ ತ್ಯಾಗದ ಹಿರಿಮೆ ಹೆಚ್ಚುತ್ತದೆ.

ಆದ್ದರಿಂದ ಮೊದಲು ನಾನು ಕೇಳಿದ್ದು, ಅಳಿಸಿದ ಆ ಲೆಕ್ಕವನ್ನು ಶಾಯಿಯಲ್ಲಿ ಮತ್ತೆ ಬರೆಯಿರಿ ಎಂದು. ಅದನ್ನು ಅಕ್ಕನಿಗೆ ತೋರಿಸಬೇಕು, ಸಹಿಯನ್ನು ಒಂದು ತಿಂಗಳು ಮುಂದೂಡಬೇಕು, ಮುಂದೂಡಿದ್ದು ಯಾಕೆಂದು ಆತನಿಗೆ ಎದುರಿಗೇ ಕೂತು ಹೇಳಬೇಕು ಎಂದೂ ಸೂಚಿಸಿದೆ. ಆಗ ಆತ ಸಾಲದ ಬಗ್ಗೆ ಮಾತನಾಡುತ್ತಾನೋ ಅಥವಾ ನಿಮ್ಮ ಪ್ರೀತಿಯನ್ನೇ ವಿಚಾರಣೆಗೆ ನಿಲ್ಲಿಸುತ್ತಾನೋ ಗಮನಿಸಿ ಎಂದೆ.

ಸಹಿ ಬೇಡವೆಂದು ನೇರವಾಗಿ ಹೇಳಬಹುದಿತ್ತಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೆದರಿಕೆಯೋ ಹಿಂಸೆಯೋ ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದೆ. ವಿರೋಧದಿಂದ ಪ್ರೇಮ ಬಲಿಯುತ್ತದೆ ಎಂದು 1972ರ ಪ್ರಸಿದ್ಧ ಅಧ್ಯಯನವೊಂದು ಹೇಳಿತ್ತು. 2014ರಲ್ಲಿ ಮತ್ತೆ ಪರೀಕ್ಷಿಸಿದವರಿಗೆ ಅದು ಕಂಡುಬರಲಿಲ್ಲ. ನನ್ನ ಅಳುಕು ಅದಲ್ಲ. ಬೇಡ ಎಂದ ಕೂಡಲೇ ಇಂಥವರು ಕಾಗದಗಳನ್ನು ಬಚ್ಚಿಡುತ್ತಾರೆ, ಸಲಹೆಗೆ ಬರುವುದನ್ನು ನಿಲ್ಲಿಸುತ್ತಾರೆ, ಒಬ್ಬರೇ ಹೋಗಿ ಸಹಿ ಮಾಡುತ್ತಾರೆ. ಅದನ್ನು ಕಣ್ಣಾರೆ ಕಂಡಿದ್ದೇನೆ.

ನಂಬಿಕೆ ಇಲ್ಲವೇ ಎಂದು ಆತ ಕೆಲವು ದಿನ ಮುನಿಸಿಕೊಂಡದ್ದು ನಿಜ. ಆಮೇಲೆ ಸಾಲದ ಮೊತ್ತವನ್ನು ಇಳಿಸಿ, ತನ್ನ ವಾಹನವನ್ನೇ ಅಡವಿಟ್ಟ. ಆಕೆ ಸಹಿ ಹಾಕಲಿಲ್ಲ, ಸಂಬಂಧ ಮುಂದುವರಿದಿದೆ.

ಈಗಾಗಲೇ ಸಹಿ ಹಾಕಿ ಆಗಿದ್ದರೆ ಏನು ಮಾಡುವುದೆಂದು ಹಲವರು ಕೇಳುತ್ತಾರೆ. ಕಾಗದಗಳ ಪ್ರತಿಯನ್ನು ತಪ್ಪದೆ ಪಡೆದಿಟ್ಟುಕೊಳ್ಳಿ; ಬಾಕಿ ಎಷ್ಟಿದೆ, ಕಂತು ತಪ್ಪಿದೆಯೇ ಎಂದು ಸಾಲ ಕೊಟ್ಟವರನ್ನೇ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ವಕೀಲರಿಗೆ ತೋರಿಸಿ. ಕಂತು ತಪ್ಪಿದ್ದರೆ, ಸಂಕೋಚದಿಂದ ಮನೆಯವರ ಮುಂದೆ ಬಾಯಿ ಬಿಡದೆ ಕಳೆಯುವ ಪ್ರತಿ ತಿಂಗಳೂ ಬಡ್ಡಿ ಏರುತ್ತಿರುತ್ತದೆ.