ಫೋಟೊ ನಮ್ಮದು, ಮಾತು ಯಾರದ್ದೋ!

ಪ್ರಶ್ನೆ: ನಮ್ಮೂರಿನ ಬೋರ್‌ವೆಲ್ ಮೋಟಾರು ಸುಟ್ಟು ತಿಂಗಳಾಗಿತ್ತು. ಸಂಘದ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂತೆವು. ಮರುದಿನ ಪೇಪರಿನಲ್ಲಿ ಫೋಟೊ ನಮ್ಮದೇ. ಆದರೆ ‘ನೀರು ಕೊಡದಿದ್ದರೆ ಉಗ್ರ ಹೋರಾಟ’ ಎಂದು ಹೇಳಿದವರು ಕೊನೆಗೆ ಬಂದು ಐದು ನಿಮಿಷ ನಿಂತ ಮುಖಂಡರು. ನಮ್ಮಲ್ಲಿ ಒಬ್ಬರ ಹೆಸರೂ ಇಲ್ಲ. ಹೀಗ್ಯಾಕೆ ಮೇಡಂ?
– ಹೆಸರು ಬೇಡ, ಹಿರಿಯೂರು ತಾಲ್ಲೂಕು

ಉತ್ತರ: ಆ ಫೋಟೊ ನನಗೆ ಚೆನ್ನಾಗಿ ಗೊತ್ತು. ನಾನು ಜಿಲ್ಲಾ ಪುಟದ ಡೆಸ್ಕಿನಲ್ಲಿದ್ದಾಗ ಪ್ರತಿ ಬೇಸಿಗೆಗೂ ಬರುತ್ತಿತ್ತು. ಊರು ಬೇರೆ, ಕೊಡ ಅದೇ. ‘ಮಹಿಳೆಯರು ಪ್ರತಿಭಟಿಸಿದರು’ ಅನ್ನುವ ಅಡಿಬರಹವೂ ಅದೇ. ಯಾವ ಮಹಿಳೆಯರು ಅಂತ ಕೇಳಿದರೆ, ‘ಜಾಗ ಇಲ್ಲ ಮೇಡಂ’.

ನಿಮ್ಮ ವರದಿಗಾರರು ಬೇಕಂತಲೇ ಹೀಗೆ ಮಾಡಿರಲಿಕ್ಕಿಲ್ಲ. ತಾಲ್ಲೂಕು ವರದಿಗಾರರು ದಿನವಿಡೀ ಸುತ್ತಿ, ಸಂಜೆ ಅವಸರದಲ್ಲಿ ಸುದ್ದಿ ಕಳಿಸುತ್ತಾರೆ. ಏನಾದರೂ ವಿವರ ಬೇಕಾದರೆ ಮೊಬೈಲಿನಲ್ಲಿ ಯಾರ ನಂಬರ್ ಇದೆಯೋ ಅವರಿಗೇ ಕರೆ. ಆ ನಂಬರ್ ಮುಖಂಡರದ್ದು. ಇಲ್ಲಾ, ಸದಸ್ಯೆಯ ಗಂಡನದ್ದು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು. ಆದರೂ ಎಷ್ಟೋ ವರದಿಗಳಲ್ಲಿ ಅಧ್ಯಕ್ಷೆ ಸಿಗುವುದು ಕೊನೆಯ ಸಾಲಿನಲ್ಲಿ, ‘ಮತ್ತಿತರರು ಇದ್ದರು’ ಅನ್ನುವುದಕ್ಕೆ ಸ್ವಲ್ಪ ಮುಂಚೆ. ಮಾತಾಡಿದ್ದೆಲ್ಲ ಅವರ ಯಜಮಾನರು!

ಇದು ನಿಮ್ಮ ತಾಲ್ಲೂಕಿನದ್ದಷ್ಟೇ ಕಥೆಯಲ್ಲ. ‘ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್’ ಅಂತ ಒಂದಿದೆ. ಐದು ವರ್ಷಕ್ಕೊಮ್ಮೆ ಹಲವು ದೇಶಗಳ ಒಂದು ದಿನದ ಸುದ್ದಿ ತೆಗೆದುಕೊಂಡು, ಅದರಲ್ಲಿ ಯಾರ್ಯಾರು ಬಂದರು ಅಂತ ಎಣಿಸುತ್ತಾರೆ. 1995ರಲ್ಲಿ ಹೆಂಗಸರ ಪಾಲು ಶೇ 17 ಇತ್ತು. 2020ರಲ್ಲಿ ಶೇ 25. ಅದರಲ್ಲೂ ಸ್ವಂತ ಅನುಭವ ಹೇಳುವ ಜಾಗದಲ್ಲಿ ಹೆಂಗಸರು ಜಾಸ್ತಿ ಕಾಣುತ್ತಾರೆ, ವಿಷಯ ಬಲ್ಲವರ ಜಾಗದಲ್ಲಿ ಕಡಿಮೆ.

ನನಗೆ ಸಿಟ್ಟು ಬರುವುದು ಇಲ್ಲೇ. ಮೋಟಾರು ಯಾವತ್ತು ಸುಟ್ಟಿತು, ಅರ್ಜಿ ಯಾರ ಕೈಗೆ ಕೊಟ್ಟಿದ್ದು, ಟ್ಯಾಂಕರ್ ಯಾವ ಬೀದಿಗೆ ಬರುತ್ತೆ, ಯಾವ ಬೀದಿಗೆ ಬರಲ್ಲ, ಇದೆಲ್ಲ ಗೊತ್ತಿರುವುದು ನಿಮಗೆ. ಮುಖಂಡರ ಹತ್ತಿರ ಇರುವುದು ‘ಉಗ್ರ ಹೋರಾಟ’ ಮಾತ್ರ. ಅದನ್ನು ಬರೆದುಕೊಂಡು ಹೋದರೆ ಸುದ್ದಿಯೇ ಪೊಳ್ಳು, ಅಲ್ವಾ?

ಪತ್ರಿಕೆಯವರು ಬದಲಾಗುವವರೆಗೆ ಕಾಯಬೇಡಿ. ಮುಂದಿನ ಸಲ ಕೂರುವ ಮೊದಲೇ ಅರ್ಧ ಪುಟದ ಪ್ರೆಸ್ ನೋಟ್ ಬರೆದಿಡಿ. ಈ ವಿವರವೆಲ್ಲ ಅದರಲ್ಲಿರಲಿ. ಮಾತಾಡುವವರು ಯಾರು ಅಂತ ನಿಮ್ಮಲ್ಲೇ ತೀರ್ಮಾನಿಸಿ, ಇಬ್ಬರ ಹೆಸರು, ಅವರದೇ ಮೊಬೈಲ್ ನಂಬರ್ ಹಾಕಿ. ಮನೆಯವರ ನಂಬರ್ ಬೇಡವೇ ಬೇಡ. ಸಂಜೆ ಫೋನ್ ಬಂದರೆ ಎತ್ತಿ, ಅಡುಗೆ ಆಮೇಲೆ ನೋಡಿಕೊಳ್ಳೋಣ. ನೋಟನ್ನು ಫೋಟೊ ಹೊಡೆದು ಕಳಿಸುವ ಬದಲು ಮೊಬೈಲಿನಲ್ಲೇ ಕನ್ನಡ ಟೈಪ್ ಮಾಡಿ ವಾಟ್ಸ್‌ಆ್ಯಪ್ ಮಾಡಿ. ಮತ್ತೆ ಟೈಪ್ ಮಾಡುವ ಕೆಲಸ ತಪ್ಪಿದರೆ ನಿಮ್ಮ ಹೆಸರು ಹಾಗೇ ಪುಟಕ್ಕೆ ಹೋಗುವ ಸಾಧ್ಯತೆ ಜಾಸ್ತಿ.