ಸ್ಪೀಚ್ ಪೆಥಾಲಜಿಯಲ್ಲಿ ಪಿಎಚ್‌ಡಿಗೆ ಹೊರಟಿರುವ ತಂಗಿಗೆ

ನಿನ್ನ ಪ್ರಶ್ನೆ ಓದಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಎಂಎಸ್ಸಿ ಮುಗಿಯುತ್ತಾ ಬಂದಿದೆ, ಅಮೆರಿಕದಲ್ಲಿ ಡಿಸಾರ್ಥ್ರಿಯಾ, ಅಂದರೆ ಮಿದುಳು, ನರಗಳ ತೊಂದರೆಯಿಂದ ಮಾತು ಕೆಡುವುದರ ಮೇಲೆ ಪಿಎಚ್‌ಡಿ ಮಾಡಬೇಕು, ಮುಂದೆ ಪ್ರೊಫೆಸರ್ ಆಗಬೇಕು ಅಂತ ಬರೆದಿದ್ದೀಯ. ಮೊದಲು ಅಲ್ಲಿನ ಕ್ಲಿನಿಕಲ್ ಸರ್ಟಿಫಿಕೇಟ್ ಸಿಸಿಸಿ ಮಾಡಿಕೊಳ್ಳಲಾ, ಪಿಎಚ್‌ಡಿಗೆ ಸೇರಲಾ? ಸ್ಟೈಪೆಂಡ್ ಸಾಲುತ್ತಾ? ಚಳಿ ಹೇಗೆ? ಕೊನೆಗೆ, ‘ನನ್ನ ಇಂಗ್ಲಿಷ್ ಉಚ್ಚಾರಣೆಯಿಂದ ತೊಂದರೆ ಆಗುತ್ತಾ ಅಕ್ಕ?’ ಇಬ್ಬರೂ ಒಂದೇ ಕ್ಯಾಂಪಸ್ಸಿನವರು, ಅದಕ್ಕೆ ನೀನು ಅಂತಲೇ ಬರೆಯುತ್ತಿದ್ದೇನೆ. ಬೇಜಾರಿಲ್ಲ ತಾನೇ?

ಚಳಿ ಇರುತ್ತದೆ. ನಾನಿರುವುದು ವಿಸ್ಕಾನ್ಸಿನ್‌ನಲ್ಲಿ, ಇಲ್ಲಿ ಜಾಸ್ತಿಯೇ ಇರುತ್ತದೆ. ಕೋಟು ಇಲ್ಲಿಗೆ ಬಂದ ಮೇಲೆ ತಗೊ, ಬೆಂಗಳೂರಿನಲ್ಲಿ ಕೊಳ್ಳಬೇಡ.

ದುಡ್ಡಿನ ವಿಷಯ. ಫೀಸ್ ಮನ್ನಾ ಮಾಡಿ ಸ್ಟೈಪೆಂಡ್ ಕೊಡುವ ಕಡೆಗೆ ಮಾತ್ರ ಹೋಗು. ಎಷ್ಟೋ ಕಡೆ ಸ್ಟೈಪೆಂಡ್ 9 ತಿಂಗಳದ್ದು, ಬೇಸಿಗೆಗೆ ಬೇರೆ ದಾರಿ ನೋಡಿಕೊಳ್ಳಬೇಕು. ಆಫರ್ ಬಂದಾಗ ಅದನ್ನು ನಾಚಿಕೆಪಡದೆ ಕೇಳು. ಇಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಎಫ್31 ಫೆಲೋಶಿಪ್ ಅಂತ ಎಲ್ಲರೂ ಹೇಳುತ್ತಾರೆ, ಅದು ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಮುಂದೆ ಪಿಎಚ್‌ಡಿ ಆದಮೇಲೆ ಕೆ99 ಅನ್ನುವ ಗ್ರಾಂಟ್ ಇದೆ, ಅದಕ್ಕೆ ನಮ್ಮಂಥವರೂ ಅರ್ಜಿ ಹಾಕಬಹುದು.

ಸಿಸಿಸಿಗೆ ನಿನ್ನ ಡಿಗ್ರಿ, ಕ್ಲಿನಿಕಲ್ ಗಂಟೆಗಳನ್ನೆಲ್ಲ ಇಲ್ಲಿನ ಲೆಕ್ಕಕ್ಕೆ ಹೊಂದಿಸಿ ತೋರಿಸಬೇಕು, ಪ್ರಾಕ್ಸಿಸ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಪೂರ್ತಿ ಹೊತ್ತಿನ 36 ವಾರಗಳ ಕ್ಲಿನಿಕಲ್ ಫೆಲೋಶಿಪ್. ರಾಜ್ಯದ ಲೈಸೆನ್ಸ್ ಬೇರೆ. ಪಾಠಕ್ಕೆ, ಸಂಶೋಧನೆಗೆ ಇದು ಬೇಕೇಬೇಕು ಅಂತಿಲ್ಲ, ಕ್ಲಿನಿಕ್‌ನಲ್ಲಿ ವಿದ್ಯಾರ್ಥಿಗಳನ್ನು ಸೂಪರ್‌ವೈಸ್ ಮಾಡಲು ಬೇಕು. ನೀನು ಪಿಎಚ್‌ಡಿಗೆ ಸೇರು.

ಇನ್ನು ಉಚ್ಚಾರಣೆ. ಅದಕ್ಕಿಂತ ಮೊದಲು ನಿನ್ನ ಕಿವಿಯ ಬಗ್ಗೆ ಹೇಳಬೇಕು.

ನಾನು ಬಂದದ್ದು ಆಗಸ್ಟ್‌ನಲ್ಲಿ. ಸೂಟ್‌ಕೇಸ್ ತುಂಬ ಚಟ್ನಿಪುಡಿ, ಜೆರಾಕ್ಸ್ ಮಾಡಿಸಿದ ಪುಸ್ತಕಗಳು, ತಲೆ ತುಂಬ ಧಿಮಾಕು. ಇರಬೇಕಾದದ್ದೇ ಬಿಡು. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ನಾವು ನೋಡಿದಷ್ಟು ರೋಗಿಗಳನ್ನು ಜೊತೆಗೆ ಸೇರಿದವರು ಯಾರೂ ನೋಡಿರಲಿಲ್ಲ. ಮೊದಲ ಲ್ಯಾಬ್ ಮೀಟಿಂಗ್‌ನಲ್ಲಿ ಎಲ್ಲರಿಗೂ ಹೆಡ್‌ಫೋನ್ ಕೊಟ್ಟು ಒಂದು ರೆಕಾರ್ಡಿಂಗ್ ಕೇಳಿಸಿದರು. ಒಬ್ಬ ಗಂಡಸು ಓದುತ್ತಿದ್ದ. ನಿಧಾನ, ಆದರೆ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಸ್ಪಷ್ಟ. ಅಕ್ಷರಗಳ ಮೇಲೆ ಬೀಳುವ ಒತ್ತು ಎಷ್ಟು ಕೆಟ್ಟಿದೆ ಅಂತ 1ರಿಂದ 7ರವರೆಗೆ ಅಂಕ ಕೊಡಬೇಕಿತ್ತು. 1 ಅಂದರೆ ಸರಿಯಾಗಿದೆ, 7 ಅಂದರೆ ತೀರಾ ಕೆಟ್ಟಿದೆ. ನಾನು 2 ಕೊಟ್ಟೆ. ಉಳಿದವರೆಲ್ಲ 5, 6 ಕೊಟ್ಟಿದ್ದರು. ಆತನಿಗೆ ಸೆರೆಬೆಲ್ಲಂ (ಕಿರುಮಿದುಳು) ಹಾಳಾಗಿ ಬಂದ ಅಟಾಕ್ಸಿಕ್ ಡಿಸಾರ್ಥ್ರಿಯಾ ಇತ್ತು. ನನಗೆ ಕೇಳಿಸಿದ್ದು ನಮ್ಮ ಹೈಸ್ಕೂಲ್ ಹೆಡ್‌ಮಾಸ್ಟರ ಇಂಗ್ಲಿಷ್.

ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಇಲ್ಲಿನವರ ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಪಕ್ಕದ ಎರಡು ಗಂಟಲಲ್ಲೇ ಉಳಿಯುತ್ತವೆ. ಅಟಾಕ್ಸಿಯಾ ಬಂದಾಗ ಆ ಏರಿಳಿತ ಹೋಗಿ ಎಲ್ಲ ಅಕ್ಷರಕ್ಕೂ ಒಂದೇ ತೂಕ ಬೀಳುತ್ತದೆ. ನಮ್ಮ ಕನ್ನಡದಲ್ಲಿ ಇಂಗ್ಲಿಷಿನ ಥರದ ಒತ್ತೇ ಇಲ್ಲ. ನಾವಾಡುವ ಇಂಗ್ಲಿಷಿಗೂ ಅದೇ ನಡಿಗೆ ಬಂದಿದೆ. ಹಾಗಾಗಿ ಅವರಿಗೆ ರೋಗದ ಗುರುತಾಗಿ ಕೇಳಿಸಿದ್ದು ನನಗೆ ಮನೆಯ ಮಾತಿನ ಹಾಗೆ ಕೇಳಿಸಿತು.

ಆಗ ಒಂದು ಅರ್ಥವಾಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾರ್ಲಿ, ಆರನ್ಸನ್, ಬ್ರೌನ್ ಸೇರಿ 1969ರಲ್ಲಿ ಮಾಡಿದ ಡಿಸಾರ್ಥ್ರಿಯಾಗಳ ವಿಂಗಡಣೆಯನ್ನು ನಾವು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದೆವು. 212 ರೋಗಿಗಳು, 38 ಲಕ್ಷಣಗಳು, ವೈವಾದಲ್ಲಿ ಥಟ್ಟನೆ ಹೇಳಬೇಕು. ಅದು ಅಮೆರಿಕದ ಕಿವಿಗಳು ಅಮೆರಿಕದ ರೋಗಿಗಳನ್ನು ಕೇಳಿ ಮಾಡಿದ ಪಟ್ಟಿ ಅನ್ನುವುದು ಮೈಸೂರಿನಲ್ಲಿದ್ದಾಗ ನನಗೆ ಹೊಳೆದೇ ಇರಲಿಲ್ಲ. ಪಟ್ಟಿ ಸುಳ್ಳು ಅಂತಲ್ಲ. ಅದೇ ಅಟಾಕ್ಸಿಯಾ ನಮ್ಮ ಮಂಡ್ಯದ ರೈತನಿಗೆ ಬಂದರೆ ಏಟು ಬೇರೆ ಕಡೆ ಬೀಳಬಹುದು. ಸ್ವರಗಳ ಉದ್ದ ಅಂಕೆ ತಪ್ಪಿದರೆ ಬಳೆ ಬಾಳೆಯಾಗುತ್ತದೆ. ವ್ಯಂಜನ ಹಿಡಿತ ಮೀರಿ ನಿಂತರೆ ಕತೆ ಕತ್ತೆಯಾಗುತ್ತದೆ. ಇದನ್ನು ನೀನು ಒಂದೇ ಸಲಕ್ಕೆ ಹಿಡಿಯುತ್ತೀಯ. ಆ ಲ್ಯಾಬಿನಲ್ಲಿ 6 ಕೊಟ್ಟ ಯಾರಿಗೂ ಅದು ಕೇಳಿಸುವುದಿಲ್ಲ.

ಇಂಗ್ಲಿಷ್ ಕಿವಿ ಬರಲು ನನಗೆ ಕಾಲ ಹಿಡಿಯಿತು. ರೆಕಾರ್ಡಿಂಗ್ ಕೇಳಿ ಅಂಕ ಬರೆಯುವುದು, ಆಮೇಲೆ ಪ್ರಾಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸ್ವರದ ಉದ್ದ ಅಳೆಯುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಸಹಪಾಠಿಗಳು ಕೇಳಿ ಹೇಳುತ್ತಿದ್ದುದನ್ನು ನಾನು ಅಳೆದು ಹೇಳುತ್ತಿದ್ದೆ. ಕೊನೆಗೆ ಆ ಅಳತೆಯ ಅಭ್ಯಾಸವೇ ನನ್ನ ಥೀಸಿಸ್ ಆಯಿತು. ನೀನು ಪ್ರಾಟ್ ಅನ್ನು ಮೈಸೂರಿನಲ್ಲೇ ಚೆನ್ನಾಗಿ ಕಲಿತು ಬಾ. ಸ್ಕ್ರಿಪ್ಟ್ ಬರೆಯುವುದನ್ನೂ ಕಲಿ.

ಉಚ್ಚಾರಣೆಗೆ ಬಂದರೆ, ಅದೊಂದೇ ಕಾರಣಕ್ಕೆ ಯಾರನ್ನೂ ಈ ವೃತ್ತಿಯಿಂದ ದೂರ ಇಡಬಾರದು ಅಂತ ಇಲ್ಲಿನ ನಮ್ಮ ವೃತ್ತಿಯವರ ಸಂಘ ಆಶಾ 1998ರಲ್ಲೇ ಹೇಳಿದೆ. ರೋಗಿಗೆ ಕಲಿಸಬೇಕಾದ ಶಬ್ದವನ್ನು ನೀನು ಸರಿಯಾಗಿ ಆಡಿ ತೋರಿಸಬೇಕು, ಅಷ್ಟೇ. ನಮ್ಮ ಬಾಯಲ್ಲಿ ‘ವೆಸ್ಟ್’ ಅಂದರೆ ಒಳ ಅಂಗಿಯೂ ಹೌದು, ಪಶ್ಚಿಮವೂ ಹೌದು, ಅಲ್ವಾ? ಇಲ್ಲಿ ಅವು ಬೇರೆ ಬೇರೆ. ಕನ್ನಡಿ ಮುಂದೆ ನಿಂತು ಕಲಿ. ಹೇಳಿಕೆ ಏನೇ ಇರಲಿ, ಒಂದು ಕ್ಲಿನಿಕ್‌ನಲ್ಲಿ ರೋಗಿಯ ಮಗಳು ನನ್ನೆದುರೇ ‘ಬೇರೆ ಥೆರಪಿಸ್ಟ್ ಇಲ್ಲವಾ’ ಅಂತ ಕೇಳಿದಳು. ಸೂಪರ್‌ವೈಸರ್ ಮಾತಾಡದೆ ಬೇರೆಯವರಿಗೆ ವಹಿಸಿದರು. ಇದು ನಿನಗೂ ಆಗಬಹುದು, ಆಗದೆಯೂ ಇರಬಹುದು. ಆದ ದಿನ ಮನೆಗೆ ಫೋನ್ ಮಾಡಬೇಡ, ಅಮ್ಮನಿಗೆ ಸುಮ್ನೆ ನಿದ್ದೆ ಕೆಡುತ್ತದೆ.

ನನಗೆ ಉಳಿದಿರುವ ಕೊರಗು ಬೇರೆ. ಟೆನ್ಯೂರ್‌ಗೆ, ಅಂದರೆ ಪ್ರೊಫೆಸರ್ ಕೆಲಸ ಕಾಯಂ ಆಗಲು, ಸಾಮಾನ್ಯವಾಗಿ ಆರನೇ ವರ್ಷ ಪರೀಕ್ಷೆ. ಅಷ್ಟರೊಳಗೆ ಪೇಪರ್ ಬೇಕು, ಗ್ರಾಂಟ್ ಬೇಕು. ಕನ್ನಡದ ಮೇಲಿನ ಕೆಲಸ ಟೆನ್ಯೂರ್ ಆದಮೇಲೆ ಅಂದುಕೊಂಡೆ. ಆಮೇಲೆ ನನ್ನ ಕೈಕೆಳಗಿನ ವಿದ್ಯಾರ್ಥಿಗಳೆಲ್ಲ ಇಂಗ್ಲಿಷಿನವರು. ಮೈಸೂರಿನಲ್ಲಿ, ನಿಮ್ಹಾನ್ಸ್‌ನಲ್ಲಿ ಇದ್ದವರು ಕನ್ನಡದ ಮೇಲೆ ಕೆಲಸ ಮಾಡುತ್ತಲೇ ಬಂದರು. ಅದರಲ್ಲಿ ನನ್ನ ಪಾಲು ಇಲ್ಲ.

ಅರಸೀಕೆರೆಯಲ್ಲಿ ನನ್ನ ಸೋದರಮಾವನಿಗೆ ಪಾರ್ಕಿನ್ಸನ್ಸ್ ಬಂದು ಧ್ವನಿ ಇಳಿಯಿತು. ಧ್ವನಿ ಜೋರು ಮಾಡಿಸುವ ಎಲ್‌ಎಸ್‌ವಿಟಿ ಥೆರಪಿ ಅಂದರೆ ವಾರಕ್ಕೆ 4 ದಿನದಂತೆ 4 ವಾರ, ಒಟ್ಟು 16 ಸೆಷನ್. ಅಷ್ಟು ಸಲ ಮೈಸೂರಿಗೆ ಕರೆದುಕೊಂಡು ಹೋಗುವವರು ಯಾರು? ಫೋನಿನಲ್ಲಿ ನಾನೇ ‘ಮಾವ, ಉಸಿರು ತಗೊಂಡು ಜೋರಾಗಿ ಆ ಅನ್ನಿ’ ಅನ್ನುತ್ತಿದ್ದೆ. ‘ಈ ವಯಸ್ಸಿನಲ್ಲಿ ಕಿರುಚಿದರೆ ಪಕ್ಕದ ಮನೆಯವರು ಏನಂದುಕೊಂಡಾರು’ ಅನ್ನುತ್ತಿದ್ದರು. ದೊಡ್ಡವರು ಮೆಲ್ಲಗೆ ಮಾತಾಡುವುದೇ ಮರ್ಯಾದೆ ಅನ್ನುವ ಮನೆ ನಮ್ಮದು, ನಿನಗೆ ಗೊತ್ತಲ್ಲ. ‘ವಯಸ್ಸಾಯಿತು, ಬಿಡೆ’ ಅಂತ ಅತ್ತೆ ಫೋನ್ ಇಸಿದುಕೊಳ್ಳುತ್ತಿದ್ದರು. ಇದಕ್ಕೆ ನನ್ನ ಯಾವ ಪೇಪರಿನಲ್ಲೂ ಉತ್ತರ ಇರಲಿಲ್ಲ.

ಅದಕ್ಕೆ ಹೇಳುತ್ತೇನೆ, ಹೊರಡುವ ಮೊದಲು ನಿನ್ನ ಗೈಡ್ ಜೊತೆ ಕೂತು ಎಥಿಕ್ಸ್ ಕಮಿಟಿಯ ಒಪ್ಪಿಗೆ ತಗೊಂಡು ಕನ್ನಡದ ರೋಗಿಗಳ ಮಾತು ರೆಕಾರ್ಡ್ ಮಾಡು. ಬೇರೆ ಲ್ಯಾಬಿನವರ ಜೊತೆ ಹಂಚಿಕೊಳ್ಳಬಹುದು ಅನ್ನುವ ಸಾಲು ಸಮ್ಮತಿ ಪತ್ರದಲ್ಲೇ ಇರಲಿ, ಆಮೇಲೆ ಕೇಳಲು ಹೋದರೆ ಅರ್ಧ ಜನ ಸಿಗುವುದಿಲ್ಲ. ಜೊತೆಗೆ ಅದೇ ವಯಸ್ಸಿನ ಆರೋಗ್ಯವಂತರದ್ದೂ ಬೇಕು. ಪ್ರೊಫೆಸರ್‌ಗಳಿಗೆ ಸೆಪ್ಟೆಂಬರ್‌ನಲ್ಲೇ ಮೇಲ್ ಬರೆ, ಅರ್ಜಿಗಳು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಮುಗಿಯುತ್ತವೆ. ‘ರೆಸ್ಪೆಕ್ಟೆಡ್ ಸರ್’ ಅಂತ ಶುರು ಮಾಡಬೇಡ. ಸ್ಟೇಟ್‌ಮೆಂಟ್ ಬರೆದು ಕಳಿಸು, ನೋಡಿ ಕೊಡುತ್ತೇನೆ. ಸೆಮಿಸ್ಟರ್ ಕೊನೆಯ ವಾರ ಮಾತ್ರ ಬೇಡ ಕಣೆ, ಆಗ ನನಗೆ ಗ್ರೇಡಿಂಗ್ ರಾಶಿ ಬಿದ್ದಿರುತ್ತದೆ.